ಪೊಂಗಲ್ ಮಡಕೆಗೆ ಐರಿಸ್

ನಮ್ಮ ತಿರುಪ್ಪೂರಿನ ಬನಿಯನ್ ಕಂಪನಿಗೆ ಆರ್ಡರ್ ಕೊಡುವ ಇಂಗ್ಲೆಂಡಿನ ಹೆಂಗಸು ನನಗೊಂದು ಐರಿಸ್ ಹೂವಿನ ಗೆಡ್ಡೆ ಕೊಟ್ಟು, "ಮಣ್ಣು ಮುಚ್ಚಬೇಡಿ, ಬೆನ್ನಿಗೆ ಬಿಸಿಲು ಬೀಳಲಿ" ಅಂದಿದ್ದರು. ಸಿಂಗಾನಲ್ಲೂರಿನ ಮನೆಯಲ್ಲಿ ನೆಟ್ಟೆ. ನಾನು ಬಸ್ಸು ಹತ್ತಿದ್ದೇ ತಡ, ಅತ್ತೆ ಅರಿಶಿನದ ಗಿಡಕ್ಕೆ ಏರಿಸುವಂತೆ ಅದಕ್ಕೂ ಮಣ್ಣೇರಿಸುತ್ತಿದ್ದರು. ಸಂಜೆ ಬಂದು ನಾನು ಕೆದಕುತ್ತಿದ್ದೆ. ನಮ್ಮ ಸೆಖೆಗೆ ಎಲೆ ಬಂತೇ ಹೊರತು ಹೂವಿಲ್ಲ.

ಪೊಂಗಲ್ ದಿನ ಆ ಇಂಗ್ಲೆಂಡಿನ ಹೆಂಗಸು ಗಿಡ ನೋಡಲು ಮನೆಗೇ ಬಂದುಬಿಟ್ಟರು. ಪಾತಿ ಖಾಲಿ! ಸುತ್ತ ಹುಡುಕಿದೆ. ಅಂಗಳದಲ್ಲಿ ಉಕ್ಕುತ್ತಿದ್ದ ಪೊಂಗಲ್ ಮಡಕೆಯ ಕೊರಳಿಗೆ, ಅರಿಶಿನದ ಗಿಡ ಕಟ್ಟುವ ಜಾಗದಲ್ಲಿ, ಗೆಡ್ಡೆ ಸಮೇತ ಐರಿಸ್.

"ಹೂ ಬಿಡದ್ದು ಇದಕ್ಕಾದ್ರೂ ಆಗ್ಲಿ ಅಂತ," ಅಂದರು ಅತ್ತೆ.

ಬೆವರುತ್ತಾ ತರ್ಜುಮೆ ಮಾಡಿದೆ. ಆಕೆ ಮಡಕೆಯನ್ನೇ ನೋಡುತ್ತಾ, "ನಮ್ಮಲ್ಲಿ ಇದನ್ನ ಬೇಲಿಯಾಚೆ ನಿಂತು ಹೊಗಳ್ತಾರೆ ಅಷ್ಟೇ. ಮುಂದಿನ ಸಲ ಎರಡು ತರ್ತೀನಿ" ಅಂದರು.

ಅತ್ತೆಗೆ ಹೇಳಿದೆ.

"ಸರಿ ಬಿಡು, ಮರುದಿನ ದನಗಳಿಗೆ ಮಾಡೋ ಮಾಟ್ಟುಪೊಂಗಲಿಗೂ ಒಂದಾಯ್ತು."