ಇಪ್ಪತ್ತೈದಕ್ಕೆ ಚಕ್ಕೆಪುಡಿ

ಬೆಳಕು ಹರಿಯುವ ಮೊದಲು ವಿಬೆಕೆ ಮಾಡಿ ಮುಗಿಸಬೇಕಾದ ಕೆಲಸಗಳಿವು. ಮನೆ ಬೆಚ್ಚಗಿಡುವ ಸೌದೆ ಒಲೆಯ ಬೂದಿ ಬಳಿದು ಬೆಂಕಿ ಹೊತ್ತಿಸುವುದು. ಕಾಫಿ ಇಳಿಸಿ ಎರಡು ಫ್ಲಾಸ್ಕಿಗೆ ತುಂಬುವುದು, ಅಪ್ಪನಿಗೆ ಹಾಲಿಲ್ಲದ್ದು, ಅಣ್ಣನಿಗೆ ಹಾಲು ಬೆರೆಸಿದ್ದು. ಕರಿಬ್ರೆಡ್ಡು ಹನ್ನೆರಡು ಹೋಳು ಕೊಯ್ದು ಕೆಲವಕ್ಕೆ ಉಪ್ಪುಮೀನು, ಕೆಲವಕ್ಕೆ ಬೇಯಿಸಿದ ಆಲೂಗಡ್ಡೆಯ ಬಿಲ್ಲೆ ಇಟ್ಟು, ಒಂದಕ್ಕೊಂದು ಅಂಟದಂತೆ ನಡುವೆ ಎಣ್ಣೆಕಾಗದ ಹಾಕಿ ಎರಡು ಬುತ್ತಿ ಕಟ್ಟುವುದು. ಅಣ್ಣ ಕೆಲ್ ತಾನು ದುಡಿಯುವ ಹಂದಿ ಕಡಿಯುವ ಕಾರ್ಖಾನೆಯಿಂದ ತಂದ ಬಿಳಿ ಮೇಲಂಗಿಯ ರಕ್ತವನ್ನು ತಣ್ಣೀರಿನಲ್ಲಿ ಉಜ್ಜುವುದು. ಬಿಸಿನೀರಾದರೆ ಕಲೆ ಕೂತುಬಿಡುತ್ತದೆ. ಬಾಗಿಲ ಮುಂದಿನ ಹಿಮ ಗೋರುವುದು. ಕೊನೆಗೆ ಅಪ್ಪನ ಮುಂದೆ ಮಂಡಿಯೂರಿ, ನರ ಉಬ್ಬಿದ ಅವನ ಕಾಲಿಗೆ ಬಿಗಿ ಸಾಕ್ಸು ಏರಿಸುವುದು. ಹಾಲಿನ ಟ್ಯಾಂಕರ್ ಓಡಿಸುವ ಅಪ್ಪ ಪ್ರೇಬೆನ್‌ಗೆ ಸೊಂಟ ಬಗ್ಗುತ್ತಿರಲಿಲ್ಲ.

ಆಮೇಲೆ ಸೈಕಲ್ ಹತ್ತಿ ವೃದ್ಧಾಶ್ರಮಕ್ಕೆ, ನೆಲ ಒರೆಸಲು. ಸಂಜೆ ಲೆಮ್ವಿಗ್ ಪೇಟೆಯ ಕ್ಲಬ್ಬಿನ ಮೈದಾನಕ್ಕೆ, ಹರ್ಡಲ್ ಹಾರಲು. ಹತ್ತು ಹರ್ಡಲ್‌ಗಳನ್ನು ಶೆಡ್ಡಿನಿಂದ ಹೊತ್ತು ತಂದು ಸಾಲಾಗಿ ನಿಲ್ಲಿಸುವವಳೂ ಅವಳೇ, ತಿರುಗಿ ಒಳಗಿಡುವವಳೂ ಅವಳೇ. ಹುಡುಗರ ಬೆವರಿನ ಬನಿಯನ್ನುಗಳು ಚೀಲದಲ್ಲಿ ತುಂಬಿ ಅವಳ ಸೈಕಲ್ಲಿನ ಹಿಂದೆ ಮನೆಗೆ ಬರುತ್ತಿದ್ದವು. ಮನೆಯಲ್ಲಿ ತೊಳೆಯುವ ಯಂತ್ರ ಇದೆಯಲ್ಲ!

ಅವಳಮ್ಮ ಇಂಗರ್ ಸತ್ತಾಗ ವಿಬೆಕೆಗೆ ಹತ್ತೊಂಬತ್ತು. ಮಣ್ಣು ಮಾಡಿ ಬಂದವರು ಕಾಫಿ ಕುಡಿದು ಎದ್ದಾಗ ಚಿಕ್ಕಮ್ಮ ಅವಳ ಕೆನ್ನೆ ತಟ್ಟಿ, "ಇನ್ನು ಮನೆ ನಿಂದೇ ಕಣೇ," ಎಂದಿದ್ದಳು. ಮನೆ ಅಪ್ಪನ ಹೆಸರಿನಲ್ಲಿತ್ತು, ಮುಂದೆ ಅಣ್ಣನ ಹೆಸರಿಗೆ ಆಗುವುದಿತ್ತು. ಅವಳದ್ದಾದದ್ದು ಏಪ್ರನ್ನು. ಒಲೆಯಿಂದ ಊಟದ ಮೇಜಿಗೆ ಅವಳು ಮೂರೇ ಹೆಜ್ಜೆ ಹಾಕುತ್ತಿದ್ದಳು, ಎರಡು ಹರ್ಡಲ್‌ಗಳ ನಡುವೆ ಹಾಕುವಷ್ಟೇ. ತರಬೇತಿಗೆ ಬಿಡುವು ಸಿಕ್ಕಲ್ಲೇ ತರಬೇತಿ.

ಹೀಗೆ ಓಡಿಯೂ ಮೂರು ಸಲ ದೇಶದ ಕೂಟದಲ್ಲಿ ಪದಕ ಗೆದ್ದಳು. ಎಂಬತ್ತೇಳರಲ್ಲಿ ಹೊರದೇಶದ ದೊಡ್ಡ ಕೂಟಕ್ಕೆ ಹೋಗಬೇಕಾದರೆ ನೂರು ಮೀಟರ್ ಹರ್ಡಲ್ಸನ್ನು ಹದಿಮೂರು ಸೆಕೆಂಡು ನಲವತ್ತರೊಳಗೆ ಓಡಬೇಕೆಂದು ಚಳಿಗಾಲಕ್ಕೆ ಮೊದಲೇ ಪತ್ರ ಬಂದಿತ್ತು. ಅವಳ ಅತ್ಯುತ್ತಮ ಓಟ ಹದಿಮೂರು ನಲವತ್ತಾರು. ಕಣ್ಣು ಮಿಟುಕಿಸುವುದಕ್ಕೂ ಸಾಲದ ಆ ಅಂತರಕ್ಕಾಗಿ ಅವಳು ಇಡೀ ಚಳಿಗಾಲ ಸವೆಸಿದ್ದಳು. ಓಟ ಇದ್ದದ್ದು ಮೇ ತಿಂಗಳ ಒಂದು ಶನಿವಾರ, ಆರ್ಹುಸ್‌ನಲ್ಲಿ. ಅದಕ್ಕೆ ಎರಡು ದಿನ ಮೊದಲು, ಗುರುವಾರ, ಅವಳಿಗೆ ಇಪ್ಪತ್ತೈದು ತುಂಬುವುದಿತ್ತು. ಮದುವೆಯಾಗಿರಲಿಲ್ಲ.

ಮದುವೆಯಾಗದೆ ಇಪ್ಪತ್ತೈದು ತುಂಬಿದವರನ್ನು ಹುಟ್ಟಿದಹಬ್ಬದ ದಿನ ಹಿಡಿದು ಕಟ್ಟಿ, ನೀರು ಹೊಯ್ದು, ಚಕ್ಕೆಪುಡಿ ಎರಚುವುದು ಆ ನಾಡಿನ ಪದ್ಧತಿ. ಕೆಲ್‌ಗೂ ಮೂರು ವರ್ಷದ ಹಿಂದೆ ಎರಚಿದ್ದರು: ತಲೆಗೆ ಒಂದು ಹಿಡಿ, ಕೈಗೊಂದು ಬಿಯರು.

"ಕೆಲ್, ಎರಚೋದಾದ್ರೆ ಭಾನುವಾರ ಎರಚಿ. ನಾನೇ ಬಂದು ನಿಂತ್ಕೋತೀನಿ," ಎಂದಳು ವಿಬೆಕೆ, ಅವನ ತಟ್ಟೆಗೆ ಮಾಂಸದುಂಡೆ ಬಡಿಸುತ್ತ.

"ಭಾನುವಾರಕ್ಕೆ ನೀನು ಮೂರು ದಿನ ಹಳಸಿರ್ತೀಯಲ್ಲೇ. ಹಳಸಿದ್ದಕ್ಕೆ ಯಾರಾದ್ರೂ ಮಸಾಲೆ ಹಾಕ್ತಾರಾ?"

"ತಮಾಷೆ ಬೇಡ. ಉಸಿರೇ ನನ್ನ ಬಂಡವಾಳ. ಮಾತು ಕೊಡು."

"ಆಯ್ತು ಮಾರಾಯ್ತಿ, ಕೊಟ್ಟೆ. ಇನ್ನೆರಡು ಉಂಡೆ ಹಾಕು."

ಗುರುವಾರ ಬೆಳಿಗ್ಗೆ ಐದೂವರೆಗೆ ಅವಳು ಅಂಗಳದಲ್ಲಿ ಬನಿಯನ್ನು ಒಣಗಿಸುತ್ತಿದ್ದಳು. ಬೇಲಿಯ ಹಿಂದಿನಿಂದ ಎಂಟು ಮಂದಿ ನುಗ್ಗಿದರು. ಮುಂದೆ ಕೆಲ್, ಹಿಂದೆ ಅವಳು ಬಟ್ಟೆ ಒಗೆದುಕೊಡುವ ಕ್ಲಬ್ಬಿನ ಹುಡುಗರು, ಎಲ್ಲರಿಗಿಂತ ಹಿಂದೆ ಕ್ಯಾಮೆರಾ ಹಿಡಿದ ತರಬೇತುದಾರ ಅಕ್ಸೆಲ್ ಮೇಷ್ಟ್ರು. ಕಟ್ಟಲು ಕಂಬ ಹುಡುಕಲಿಲ್ಲ, ಶೆಡ್ಡಿನಿಂದ ಹರ್ಡಲ್ಲನ್ನೇ ತಂದಿದ್ದರು. ಅದನ್ನು ಬೇಲಿಗೆ ಬಿಗಿದು, ಅದಕ್ಕೆ ಅವಳ ಕೈಕಾಲು ಬಿಗಿದು, ಅವಳದೇ ಬಕೆಟ್ಟಿನ ಸೋಪಿನ ನೀರು ಸುರಿದರು. ಬೇಕರಿಯಿಂದ ತಂದದ್ದು ಚಕ್ಕೆಪುಡಿಯ ಐದು ಕಿಲೋ ಚೀಲ.

ವಿಬೆಕೆ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಉಸಿರು ಹಿಡಿದು ನಿಂತಳು. ಕೆಲ್‌ಗೆ ತಂಗಿಯ ಗುಟ್ಟು ಚಿಕ್ಕಂದಿನಿಂದ ಗೊತ್ತು. ಕಂಕುಳಿಗೆ ಬೆರಳಿಟ್ಟು ಕಚಗುಳಿ ಮಾಡಿದ. ಅವಳು ಬಾಯಿ ಬಿಟ್ಟ ಗಳಿಗೆಗೆ ಸರಿಯಾಗಿ ಯಾರೋ ಚೀಲವನ್ನೇ ಮುಖದ ಮೇಲೆ ಬೋರಲು ಹಾಕಿದರು.

"ಕಣ್ಣು! ಮೇಷ್ಟ್ರೇ, ಕಣ್ಣು!"

"ಅಲ್ಲಾಡಬೇಡ, ಫೋಟೋ ಕೆಡತ್ತೆ," ಎಂದರು ಅಕ್ಸೆಲ್.

ಅಪ್ಪ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ. "ಕೆಳಗೆ ಬಿದ್ದಿದ್ದನ್ನ ತುಳೀಬೇಡ್ರೋ," ಎಂದ. "ಒಳ್ಳೇ ಚಕ್ಕೆ ಅದು. ವಿಬೆಕೆ, ಆಮೇಲೆ ಮೇಲಿನದಷ್ಟು ಗೋರಿಟ್ಕೋ. ಕ್ರಿಸ್‌ಮಸ್ ಪಾಯಸಕ್ಕಾಗತ್ತೆ."

ಹುಟ್ಟಿದಹಬ್ಬದವಳ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ? ಕಟ್ಟು ಬಿಚ್ಚಿದ ಮೇಲೆ ಅವಳು ಕೊಳಾಯಿಯ ಕೆಳಗೆ ತಲೆಯಿಟ್ಟು, ಕಂದು ನೀರು ಇಳಿಸುತ್ತಲೇ ಕೆಮ್ಮಿ, ಒಳಹೋಗಿ ಎಂಟು ಜನಕ್ಕೂ ಬನ್ನು ಬಿಸಿ ಮಾಡಿ ಬೆಣ್ಣೆ ಸವರಿ ಕೊಟ್ಟಳು. ಕಣ್ಣು ಬಾತು ಬೆಣ್ಣೆ ಯಾವುದು, ತಟ್ಟೆ ಯಾವುದು ಕಾಣುತ್ತಿರಲಿಲ್ಲ.

"ಮುಖ ಊದಿಸ್ಕೋಬೇಡ," ಎಂದರು ಮೇಷ್ಟ್ರು. "ನೀನೇನು ದೊಡ್ಡೋಳಾ? ಎಲ್ಲರಿಗೂ ಮಾಡೋದನ್ನೇ ನಿಂಗೂ ಮಾಡಿದ್ದು."

"ಮುಖ ಅದಾಗೇ ಊದಿರೋದು ಮೇಷ್ಟ್ರೇ," ಎಂದಳು. ಎಲ್ಲರೂ ನಕ್ಕರು.

ಶನಿವಾರ ಆರ್ಹುಸ್‌ನಲ್ಲಿ ಆರನೇ ಹರ್ಡಲ್‌ವರೆಗೆ ಅವಳೇ ಮುಂದಿದ್ದಳು. ಏಳನೆಯದರ ಮೇಲಿದ್ದಾಗ ಎದೆಯ ಆಳದಿಂದ ಕೆಮ್ಮು ಎದ್ದಿತು. ಹಿಂದಿನ ಕಾಲಿನ ಮಂಡಿ ಹಲಗೆಗೆ ಬಡಿಯಿತು. ಬೀಳಲಿಲ್ಲ. ಹದಿಮೂರು ಐವತ್ತೆಂಟು. ಗೆರೆ ದಾಟಿ ಬಗ್ಗಿ ಕಾರಿದ ಕಫದಲ್ಲಿ ಇನ್ನೂ ಕಂದು ಬಣ್ಣವಿತ್ತು. "ವಯಸ್ಸಾಯ್ತು, ಕಾಲು ಏಳ್ತಿಲ್ಲ," ಎಂದು ಮೇಷ್ಟ್ರು ವಾಚನ್ನು ಜೇಬಿಗಿಟ್ಟರು. ಮುಂದೆ ಕ್ಲಬ್ಬಿನವರು ತಂದ ನೆನಪಿನ ಪುಸ್ತಕದಲ್ಲಿ ವಿಬೆಕೆಯ ಫೋಟೋ ಇರುವುದು ಒಂದೇ, ಹರ್ಡಲ್ಲಿಗೆ ಕಟ್ಟಿದ್ದು. ಕೆಳಗೆ ಬರೆದಿದೆ: "ನಗುವಿನ ಒಂದು ಬೆಳಗು."

ಇನ್ನೊಂದೇ ಅವಕಾಶ ಉಳಿದಿತ್ತು. ಜೂನ್ ತಿಂಗಳ ಒಂದು ಶನಿವಾರ ಸಂಜೆ, ಸಮುದ್ರದ ಆಚೆ ಗೋಥೆನ್‌ಬರ್ಗ್‌ನಲ್ಲಿ. ಮುಂಜಾನೆ ಐದು ಗಂಟೆಯ ಬಸ್ಸು ಹಿಡಿದರೆ ಹತ್ತು ಗಂಟೆಯ ಹಡಗು ಸಿಗುತ್ತಿತ್ತು. ಅವತ್ತೇ ಅಪ್ಪನಿಗೆ ಅರವತ್ತು. ಅರವತ್ತಾದವನ ಮನೆಬಾಗಿಲಿಗೆ ಊರವರು ಆರು ಗಂಟೆಗೇ ಬಂದು ಹಾಡಿ ಎಬ್ಬಿಸುತ್ತಾರೆ. ಹಾಡು ಅವರದು, ತಿಂಡಿ ಮನೆಯವರದು. ನಲವತ್ತು ಜನ.

"ಹೋಗು, ಯಾರು ಬೇಡ ಅಂದ್ರು?" ಎಂದ ಅಪ್ಪ. "ಜನ ತಿಂದು ಎದ್ಮೇಲೆ ಹೋಗು."

"ಅವ್ರು ಏಳೋದು ಹತ್ತಕ್ಕೆ ಅಪ್ಪ. ಹಡಗು ಹೊರಡೋದೂ ಹತ್ತಕ್ಕೆ."

"ಹಾಗಾದ್ರೆ ಹಡಗಿಗೆ ಹೇಳ್ಕಳ್ಸು, ಚೂರು ಕಾಯಲಿ ಅಂತ."

ಕೆಲ್ ನಕ್ಕ ರಭಸಕ್ಕೆ ಕಾಫಿ ಚೆಲ್ಲಿತು. ಚೆಲ್ಲಿದ್ದನ್ನು ಅವಳು ಒರೆಸಿದಳು.

"ಕೆಲ್ ಬೇಯಿಸ್ಲಿ. ಒಲೆ ಹಚ್ಚಿ ತಟ್ಟೆ ಒಳಗಿಡೋದು ತಾನೇ?"

"ನಾನಾ?" ಕೆಲ್ ತನ್ನ ಎರಡು ಕೈಗಳನ್ನು ಎತ್ತಿ ತೋರಿಸಿದ. "ಇವು ಹಂದಿ ಕೊಯ್ಯೋ ಕೈ ಕಣೇ."

"ನಿಮ್ಮಮ್ಮ ಇದ್ದಿದ್ರೆ ಈ ಮಾತು ಬರ್ತಿರ್ಲಿಲ್ಲ," ಎಂದ ಅಪ್ಪ.

"ಅಮ್ಮ ಇದ್ದಿದ್ರೆ ಅವ್ಳು ಬೇಯಿಸ್ತಿದ್ಲು. ಅಷ್ಟೇ."

ಶುಕ್ರವಾರ ಪಾಳಿ ಮುಗಿಸಿ ಬಂದವಳು ನಲವತ್ತು ಜನಕ್ಕೆ ಹಿಟ್ಟು ನಾದಿ, ಬಟ್ಟೆ ಮುಚ್ಚಿ, ಮೇಜಿಗೆ ಹಾಸು ಹಾಸಿ, ಕಪ್ಪು ಜೋಡಿಸಿ ಮಲಗಿದಳು. ಬೇಡವೆಂದರೂ ಕೈ ಕೆಲಸ ಮಾಡಿಬಿಡುತ್ತದೆ.

ಮುಂಜಾನೆ ನಾಲ್ಕೂಕಾಲು ಗಂಟೆಗೆ ಎದ್ದಳು. ಹೊರಗೆ ಬೆಳಕಿನ ಮೊದಲ ಗೆರೆ. ಮೇಲೆ ಇಬ್ಬರೂ ಗೊರಕೆ ಹೊಡೆಯುತ್ತಿದ್ದರು. ಅಭ್ಯಾಸದಂತೆ ಬನ್ನು ಬೇಯಿಸುವ ಕರೆಂಟ್ ಒಲೆ ಹಚ್ಚಿದಳು. ಬಿಸಿಯಾಗಲು ಹದಿನೈದು ನಿಮಿಷ ಬೇಕು. ಒಂದು ತಟ್ಟೆ ಬನ್ನು ಬೇಯಲು ಹದಿನೆಂಟು. ಮೂರು ತಟ್ಟೆ. ಲೆಕ್ಕ ಹಾಕಿದಳು. ಒಂದನ್ನಾದರೂ ಬೇಯಿಸಿ ಓಡಿದರೆ? ಬಸ್‌ನಿಲ್ದಾಣ ಎರಡು ಕಿಲೋಮೀಟರು. ಓಡಬಹುದು, ಓಡುವವಳೇ ತಾನೇ. ಆದರೆ ಕಾಲಿನ ಶಕ್ತಿಯೆಲ್ಲ ಆ ರಸ್ತೆಗೇ ಹೋಗುತ್ತದೆ, ಸಂಜೆಗೆ ಉಳಿಯುವುದಿಲ್ಲ.

ಪಾತ್ರೆಯಲ್ಲಿ ಹಿಟ್ಟು ಉಬ್ಬಿ ಬಟ್ಟೆಯನ್ನು ಮೇಲೆತ್ತಿತ್ತು. ಕುರ್ಚಿಯ ಬೆನ್ನಿಗೆ ಅಪ್ಪನ ಬಿಗಿ ಸಾಕ್ಸು ಜೋತುಬಿದ್ದಿತ್ತು. ತಾನು ಹೋದರೆ ಇವತ್ತು ನಲವತ್ತು ಜನರೆದುರು ಅವನು ಬರಿಗಾಲಲ್ಲಿ ಬಂದು ನಿಲ್ಲುತ್ತಾನೆ, ಊದಿದ ಕಾಲು ಎಲ್ಲರಿಗೂ ಕಾಣುತ್ತದೆ. ಸಾಕ್ಸನ್ನು ಕೈಗೆತ್ತಿಕೊಂಡಳು. ಮೆಟ್ಟಿಲ ಕಡೆ ನೋಡಿದಳು. ಎದೆಯಲ್ಲಿ ಇನ್ನೂ ಉಳಿದಿದ್ದ ಕೆಮ್ಮು ಮೇಲೆ ಬಂತು. ಯಾರೂ ಏಳದಂತೆ ಸಾಕ್ಸಿನಲ್ಲೇ ಬಾಯಿ ಒತ್ತಿ ಕೆಮ್ಮಿದಳು.

ಅದನ್ನು ಇದ್ದಲ್ಲೇ ನೇತುಹಾಕಿದಳು. ಬಟ್ಟೆ ಸರಿಸಿ, ಮುಷ್ಟಿ ಕಟ್ಟಿ, ಉಬ್ಬಿದ ಹಿಟ್ಟಿನ ನಟ್ಟನಡುವೆ ಮೊಣಕೈವರೆಗೆ ಇಳಿಸಿದಳು. ಹಿಟ್ಟು ಉಸ್ಸೆಂದು ಕುಸಿಯಿತು. ಕೈ ತೊಳೆದಳು. ಓಟದ ಮೊಳೆಬೂಟಿನ ಚೀಲ ಹೆಗಲಿಗೇರಿಸಿ, ಒಲೆಯ ಗುಂಡಿ ತಿರುಗಿಸಿ ಆರಿಸಿದಳು.