ಇಬ್ಬರಿಗೆ ಕೇಳಿದ ಕೊಳಲು

ಇಲ್ಲದ ಸದ್ದು ಕಿವಿಗೆ ಬೀಳುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ನನ್ನ ಓದಿನಲ್ಲಿ ಅದಕ್ಕೊಂದು ಹೆಸರಿತ್ತು, ಮಾತ್ರೆಯೂ ಇತ್ತು. ಮನಸ್ಸು ನೊಂದ ಮಕ್ಕಳೊಡನೆ ಮಾತಾಡುವುದೇ ನನ್ನ ಕೆಲಸ. ಈಗ ಹೇಳುವುದನ್ನು ನೀವು ನಂಬಲೇಬೇಕು ಎಂದು ನಾನು ಒತ್ತಾಯಿಸುವುದಿಲ್ಲ.

ಕೆಲವು ವರ್ಷಗಳ ಹಿಂದೆ ಬೈಕಂಪಾಡಿಯ ಗೋದಾಮುಗಳ ಹಿಂದಿರುವ ಬುಟ್ಟಿ ಹೆಣೆದು ಬದುಕುವ ಕೊರಗ ಬುಡಕಟ್ಟಿನವರ ಕಾಲನಿಗೆ ನನ್ನನ್ನು ಕಳಿಸಿದ್ದರು. ಅಲ್ಲಿ ಮಮತಾ ಎಂಬ ಹುಡುಗಿ ಪೇಟೆಯ ಹಾಸ್ಟೆಲಿನಿಂದ ಓದು ಬಿಟ್ಟು ಬಂದವಳು, ಮಾತನ್ನೂ ಬಿಟ್ಟಿದ್ದಳು. ಅವಳ ಅಣ್ಣ ದಿನೇಶ ನಂತೂರಿನಲ್ಲಿ ಲಾರಿಯಡಿ ಸಿಕ್ಕಿ ತೀರಿಕೊಂಡಿದ್ದ. ತಂದೆತಾಯಿಯಿಲ್ಲದ ಇಬ್ಬರನ್ನೂ ಸಾಕಿದ್ದು ಅಜ್ಜಿ. ಅಣ್ಣ ಹೋದ ಮೇಲೆ ಹಾಸ್ಟೆಲಿನಲ್ಲಿ ಮಮತಾ ಏನೋ ಹೇಳಿದಳಂತೆ, ಜೊತೆಯ ಹುಡುಗಿಯರು ಹೆದರಿ ಕೋಣೆ ಬದಲಿಸಿದರಂತೆ. ನನಗೆ ಗೊತ್ತಿದ್ದದ್ದು ಇಷ್ಟೇ.

ಹೋದಾಗಲೆಲ್ಲ ನಾನು ಪ್ರಶ್ನೆ ಕೇಳುತ್ತಿದ್ದೆ, ಅವಳು ನೆಲ ನೋಡುತ್ತಿದ್ದಳು. ಒಮ್ಮೆ ಅಜ್ಜಿಯೇ ಹೇಳಿದರು.

"ನೀವು ಎದುರು ಕೂತು ಕೇಳ್ತೀರಿ ಅಕ್ಕ. ಎದುರು ಕೂತು ಕೇಳುವವರು ಅಂದ್ರೆ ನಮಗೆ ಪೊಲೀಸರು, ಇಲ್ಲದಿದ್ರೆ ಮೇಷ್ಟ್ರು. ಬದಿಯಲ್ಲಿ ಕೂತ್ಕೊಳ್ಳಿ. ಕೈಯಲ್ಲಿ ಕೆಲಸ ಇರುವಾಗ ಮಾತು ಬಂದ್ರೆ ಬರ್ತದೆ."

ನಮ್ಮದು ಜಮೀನ್ದಾರರ ಗುತ್ತಿನ ಮನೆ, ಅಲ್ಲಿ ಈ ಜನ ಬುಟ್ಟಿ ತಂದರೆ ಅಂಗಳದ ಆಚೆಗೇ ನಿಲ್ಲಬೇಕಿತ್ತು. ಅಜ್ಜಿ ಹಾಸಿದ ಚಾಪೆಯಲ್ಲಿ ಮಮತಾಳ ಮಗ್ಗುಲಿಗೆ ಕೂರುವಾಗ ಅದು ನೆನಪಾಯಿತು. ಆಮೇಲೆ ಹೋದಾಗಲೆಲ್ಲ ಏನೂ ಕೇಳದೆ ಬಳ್ಳಿಯ ಸಿಪ್ಪೆ ತೆಗೆದುಕೊಡುತ್ತಾ ಕೂತೆ. ಅವಳು ಬುಟ್ಟಿ ಹೆಣೆಯುತ್ತಿದ್ದಳು.

ಅದೊಂದು ಭಾನುವಾರ, ಮಧ್ಯಾಹ್ನ. ಗೋದಾಮುಗಳು ಮುಚ್ಚಿದ್ದವು. ಸ್ವಲ್ಪ ಹೊತ್ತಿನಿಂದ ಮನೆಯ ಹಿಂದಿನಿಂದ ಕೊಳಲು ಕೇಳುತ್ತಿತ್ತು. ನಾನು ಸಹಜವಾಗಿ ಕೇಳಿದೆ.

"ಯಾರದು, ಇಷ್ಟು ಚೆಂದ ಊದುವುದು?"

ಅಜ್ಜಿಯ ಕೈಯ ಕತ್ತಿ ನಿಂತಿತು. "ಎಂತ ಊದುವುದು? ನನಗೆ ಕೇಳುವುದಿಲ್ಲ."

ಮಮತಾ ನನ್ನತ್ತ ತಿರುಗಿದಳು. ಅವಳ ಸ್ವರ ನಾನು ಕೇಳಿದ್ದು ಆಗಲೇ ಮೊದಲು.

"ಅಕ್ಕ, ನಿಮಗೆ ಕೇಳ್ತದಾ?"

"ಕೇಳ್ತದೆ. ಮೇಲೆ ಹೋಗ್ತದೆ, ಅಲ್ಲೇ ನಿಲ್ತದೆ, ಪುನಃ ಮೊದಲಿಂದ ಶುರು."

"ಅದು ಅಣ್ಣ," ಎಂದಳು. "ಅವನಿಗೆ ಅಲ್ಲಿಂದ ಮುಂದೆ ಬರ್ತಿರಲಿಲ್ಲ."

ನಾನು ಎದ್ದು ಹಿತ್ತಿಲಿಗೆ ಹೋದೆ. ಗೋದಾಮಿನ ಉದ್ದ ಗೋಡೆ, ಬಿಸಿಲು, ಬೀಗ ಹಾಕಿದ ಗೇಟು. ಯಾರೂ ಇರಲಿಲ್ಲ. ಗೋಡೆಗೆ ಕಿವಿಯಿಟ್ಟರೂ ಸ್ವರ ಹತ್ತಿರವೂ ಆಗಲಿಲ್ಲ, ದೂರವೂ ಆಗಲಿಲ್ಲ. ಒಳಗೆ ಬಂದಾಗ ಅಜ್ಜಿ ಮೆಲ್ಲನೆ ಹೇಳಿದರು, "ಅವನ ಕೊಳಲು ಈಗ ಇಲ್ಲ ಅಕ್ಕ. ಮಣ್ಣು ಮಾಡುವಾಗ ನಾನೇ ಅವನ ಎದೆಯ ಮೇಲೆ ಇಟ್ಟದ್ದು."

ಆಮೇಲೆ ಮಮತಾ ಅಳುತ್ತಲೇ ಎಲ್ಲ ಹೇಳಿದಳು. ಹಾಸ್ಟೆಲಿನಲ್ಲೂ ಕೊಳಲು ಕೇಳುತ್ತಿತ್ತು. ಹೇಳಿದ್ದಕ್ಕೆ ಡಾಕ್ಟರ ಬಳಿ ಕರೆದೊಯ್ದರು. ಕೊರಗರ ಹುಡುಗಿ, ಏನೋ ಮಾಟ ತಂದಿದ್ದಾಳೆ ಎಂದು ಯಾರೋ ಹಬ್ಬಿಸಿದರು. ಮಾತಾಡಿದರೆ ತಾನೇ ಇದೆಲ್ಲ ಎಂದು ಮಾತನ್ನೇ ಬಿಟ್ಟಳು.

"ನನಗೆ ಹುಚ್ಚು ಅಲ್ಲ ಅಲ್ವಾ ಅಕ್ಕ?"

"ಅಲ್ಲ," ಎಂದೆ. ಅಜ್ಜಿ ಅವಳ ತಲೆಯನ್ನು ಮಡಿಲಿಗೆಳೆದುಕೊಂಡರು. ಕೊಳಲು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ.

ಮಮತಾ ಮತ್ತೆ ಓದಲು ಹೋದಳು, ಬೇರೆ ಹಾಸ್ಟೆಲಿಗೆ. ಈಗ ನರ್ಸಿಂಗ್ ಮುಗಿಸಿದ್ದಾಳೆ. ದುಃಖ ಒಬ್ಬರಿಂದ ಒಬ್ಬರಿಗೆ ದಾಟುವುದುಂಟು ಎಂದು ನನ್ನ ಸಹೋದ್ಯೋಗಿಗಳು ವಿವರಿಸುತ್ತಾರೆ. ಇರಬಹುದು. ಆದರೆ ನಾನೆಂದೂ ಕೇಳಿರದ ರಾಗ ಎಲ್ಲಿ ನಿಲ್ಲುತ್ತದೆ ಎಂದು ಅವಳಿಗಿಂತ ಮೊದಲು ನಾನೇ ಹೇಳಿದ್ದು ಹೇಗೆ? ನನಗೆ ಇಂದಿಗೂ ತಿಳಿದಿಲ್ಲ.

ಮೊನ್ನೆ ಅವಳು ಫೋನ್ ಮಾಡಿದ್ದಳು. ಕೆಲಸ ಸಿಕ್ಕಿದ ಸುದ್ದಿ ಹೇಳಿ, ಆಮೇಲೆ ಕೊಳಲಿನ ಮಾತೆತ್ತಿದಳು.

"ನಿಮಗೆ ಕೇಳಿದ ದಿನದಿಂದ ನನಗೆ ಕೇಳುವುದು ನಿಂತಿತು. ಓದಲಿಕ್ಕೆ ಒಳ್ಳೆಯದೇ ಆಯ್ತು. ಆದ್ರೆ ಅಣ್ಣ ಇನ್ನಿಲ್ಲ ಅಂತ ನನಗೆ ಗೊತ್ತಾದದ್ದು ಆಗಲೇ. ಈಗ ಆ ರಾಗವೂ ಮರೆತುಹೋಗಿದೆ. ನಿಮಗೆ ನೆನಪುಂಟಾ ಅಕ್ಕ? ಒಂದು ಸಲ ಗುನುಗ್ತೀರಾ?"

ನಾನು ಪ್ರಯತ್ನಿಸಿದೆ. ಮೊದಲ ಸ್ವರವೇ ನೆನಪಿಗೆ ಬರಲಿಲ್ಲ. ಅವಳು ಫೋನ್ ಇಡದೆ ಬಹಳ ಹೊತ್ತು ಕಾದಳು.