ಕೆಂಪಿಗೊಂದು ಕೌದಿ

ಬೆಳಿಗ್ಗೆ ಜೋಳ ಚೆಲ್ಲುತ್ತಿದ್ದ ಸುಂದರಾಳ ಕೈ ಅಲ್ಲೇ ನಿಂತಿತು. ಕೆಂಪಿ ಕೋಳಿಯ ಬೆನ್ನ ಮೇಲೆ ಅಂಗೈಯಗಲ ಪುಕ್ಕವೇ ಇರಲಿಲ್ಲ. ಬರೀ ತೊಗಲು, ಅದರ ಮೇಲೆ ಉಗುರು ಗೀರಿದ ಹಸಿಗಾಯ.

"ಎಲ್ಲಾ ನಿಂದ ಕೆಲಸ, ಮೂಳಾ," ಎಂದು ಹುಂಜಕ್ಕೆ ಬೈದಳು.

ಜುಗೂಳದ ಸುಂದರಾ ಮುಂಜಾನೆ ಮಂದಿಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗಿ, ಮಧ್ಯಾಹ್ನ ಕಟ್ಟೆಯ ಮೇಲೆ ಹಳೆ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುವಾಕೆ. ಓಣಿಯ ಕೂಸುಗಳೆಲ್ಲ ಮಲಗಿ ಬೆಳೆದದ್ದು ಅವಳ ಕೌದಿಯ ಮೇಲೆಯೇ. ಹಿತ್ತಲಲ್ಲಿ ಏಳೆಂಟು ಕೋಳಿ, ಒಂದೇ ಹುಂಜ. ಉಳಿದ ಕೋಳಿಗಳು ತತ್ತಿ ಇಟ್ಟು ಊರು ತಿರುಗಲು ಹೋಗುವಂಥವು. ಕಾವಿಗೆ ಕೂತು ಮರಿ ಎಬ್ಬಿಸುವಾಕೆ ಕೆಂಪಿಯೊಬ್ಬಳೇ.

ಅವಳ ಗುಣವೇ ಅವಳಿಗೆ ಮುಳುವಾಗಿತ್ತು. ಹುಂಜ ಒಂದು ರೆಕ್ಕೆ ನೆಲಕ್ಕೆ ಇಳಿಬಿಟ್ಟು ಸುತ್ತು ಹಾಕಿದರೆ ಉಳಿದವು ಕಿರುಚಿ ಓಡುತ್ತಿದ್ದವು, ಕೆಂಪಿ ಕುಕ್ಕರಿಸಿ ಕೂಡುತ್ತಿದ್ದಳು. ಅದು ಹತ್ತಿ, ಕೊಕ್ಕಿನಿಂದ ಕುತ್ತಿಗೆಯ ಪುಕ್ಕ ಹಿಡಿದು, ಕಾಲಿನಿಂದ ಬೆನ್ನು ತುಳಿದು, ಬಾಲ ಬಗ್ಗಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯುತ್ತಿತ್ತು. ತುಸು ಹೊತ್ತಿಗೆ ಮತ್ತೆ ಅವಳ ಕಡೆಗೇ.

ಗಂಡ ರಾವಸಾಹೇಬ ಗಾಯ ನೋಡಿದ. "ಇದು ಉಳ್ಯೂದಿಲ್ಲ, ಹುಳಾ ಬೀಳತಾವ. ಬರೂ ತಿಂಗಳ ಮಗಳು ಭಾಗ್ಯಾ ಬರ್ತಾಳ. ಅವತ್ತ ಕೊಯ್ದಬಿಡೂಣು."

"ಕೊಯ್ಯೂದಾದ್ರ ನಿಮ್ಮ ಹುಂಜನ್ನ ಕೊಯ್ರಿ."

"ಹುಂಜ ಹೋದ್ರ ಬರೇ ಗೊಡ್ಡ ತತ್ತಿ. ಮರಿ ಎಲ್ಲಿಂದ ಬರಬೇಕು?"

"ಕೆಂಪಿ ಹೋದ್ರ ತತ್ತಿ ಮ್ಯಾಲ ನೀವು ಕೂಡ್ತೀರೇನು?"

ಕೂಸನ್ನು ಟೊಂಕದ ಮೇಲಿಟ್ಟುಕೊಂಡಿದ್ದ ಸೊಸೆ ಸಾರಿಕಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ರಾವಸಾಹೇಬನಿಗೂ ನಗು ಬಂತು, ತೋರಿಸಲಿಲ್ಲ. "ಭಾಗ್ಯಾ ಬರೂದ್ರಾಗ ಗಾಯ ಮಾಯಿದ್ರ ಬಿಡ್ತೀನಿ. ಇಲ್ಲಾಂದ್ರ ಇಲ್ಲ."

ಸುಂದರಾ ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚಿದಳು. ಬುಟ್ಟಿ ಬೋರಲು ಹಾಕಿ ಒಳಗಿಟ್ಟರೆ ಕೆಂಪಿ ಕಾಳು ಮುಟ್ಟಲಿಲ್ಲ. ಕಡೆಗೆ ಸೂಜಿಗೆ ದಾರ ಪೋಣಿಸಿದಳು. ಅಂಗೈಯಷ್ಟಗಲದ ಕೌದಿ, ರೆಕ್ಕೆ ತೂರಿಸಲು ಎರಡು ಕುಣಿಕೆ. ಕೌದಿ ಅಂದಮೇಲೆ ಅಂಚಿಗೆ ಕೆಂಪು ಪಟ್ಟಿ ಬೇಕೇಬೇಕಲ್ಲ, ರೂಢಿಯಂತೆ ಅದನ್ನೂ ಕೂಡಿಸಿದಳು.

ಅಲ್ಲಿಯೇ ತಪ್ಪಿದ್ದು. ಕೆಂಪು ಕಂಡದ್ದೇ ರಕ್ತವೆಂದು ತಿಳಿದು ಉಳಿದ ಕೋಳಿಗಳೆಲ್ಲ ಮುಗಿಬಿದ್ದು ಕುಕ್ಕಿದವು. ಬಿಡಿಸಿ ತರುವಷ್ಟರಲ್ಲಿ ಗಾಯ ಮತ್ತೆ ಹಸಿಯಾಗಿತ್ತು.

"ಅತ್ತಿ, ಕೋಳಿಗಿ ಯಾರರ ಕೌದಿ ಹೊಲೀತಾರೇನ್ರಿ? ಬಿಡ್ರಿ ಅದನ್ನ," ಎಂದಳು ಸಾರಿಕಾ.

ಸುಂದರಾ ತೋಟಕ್ಕೆ ಉಟ್ಟು ಮಣ್ಣಿನ ಬಣ್ಣಕ್ಕೆ ತಿರುಗಿದ್ದ ತನ್ನ ಸೀರೆ ಹರಿಯುತ್ತ, "ಒಂದರ ಹಿಂದ ಒಂದ ನಾಕ ಮಕ್ಕಳನ್ನ ಹಡದಾಕಿ ನಾನು. ಈ ಬೆನ್ನಿನ ಮ್ಯಾಲ ಒಂದ ಕೈ ಬೇಕಾಗಿತ್ತವ್ವಾ. ಯಾರೂ ಇಡಲಿಲ್ಲ," ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಆ ತುಂಡಿನಿಂದ ಇನ್ನೊಂದು ಕೌದಿ ಹೊಲಿದು ದಾರ ಕಡಿದಳು.

ಸಾರಿಕಾ ಕೂಸನ್ನು ಕೆಳಗೆ ಮಲಗಿಸಿ ಬಂದು ಕೆಂಪಿಯನ್ನು ತಾನೇ ಹಿಡಿದುಕೊಂಡಳು. "ಹಾಕ್ರಿ, ನಾ ಹಿಡದೀನಿ."

ಮಣ್ಣುಬಣ್ಣದ ಕೌದಿಯನ್ನು ಯಾವ ಕೋಳಿಯೂ ಕಣ್ಣೆತ್ತಿ ನೋಡಲಿಲ್ಲ. ಹುಂಜ ಮಾತ್ರ ಹೊಸ ಮದುಮಗಳು ಬಂದಳೋ ಏನೋ ಎಂಬಂತೆ ಎರಡು ಸುತ್ತು ಜಾಸ್ತಿ ಹಾಕಿ, ಹತ್ತಿ ಇಳಿಯಿತು. ಉಗುರು ಬಟ್ಟೆಗೆ ತಾಗಿತೇ ಹೊರತು ತೊಗಲಿಗೆ ತಾಗಲಿಲ್ಲ. ದಿನಾ ಸಂಜೆ ಬಿಚ್ಚಿ ಅರಿಶಿನ ಹಚ್ಚುವುದು, ಬೆಳಿಗ್ಗೆ ತೊಡಿಸುವುದು ಅತ್ತೆ-ಸೊಸೆಯ ಕೆಲಸವಾಯಿತು.

ಭಾಗ್ಯಾ ಬಂದ ದಿನ ರಾವಸಾಹೇಬ ಕೆಂಪಿಯನ್ನು ಎತ್ತಿಕೊಂಡು ಕೌದಿ ಸರಿಸಿ ಹೆಬ್ಬೆರಳು ಆಡಿಸಿದ. ಒಣಗಿದ ತೊಗಲಿನಲ್ಲಿ ಮುಳ್ಳುಮುಳ್ಳಾಗಿ ಹೊಸ ಪುಕ್ಕ.

"ನನ್ನ ಕೌದಿ ಹರದ ಎರಡ ವರ್ಷ ಆತು. ಕೋಳಿಗಿ ನೋಡು, ಹೊಸಾದು," ಎಂದು ಗೊಣಗಿ ಅದನ್ನು ಕೆಳಗಿಳಿಸಿ, ಬ್ರಾಯ್ಲರ್ ತರಲು ಕಾಗವಾಡಕ್ಕೆ ಹೋದ.

ಮುಂದೆ ಕೆಂಪಿ ಕಾವಿಗೆ ಕೂತಳು. ಕೂತವಳ ಹತ್ತಿರ ಹುಂಜ ಸುಳಿಯುವುದಿಲ್ಲ. ಸುಂದರಾ ಕೌದಿ ಬಿಚ್ಚಿ ಒಗೆದು, ಮೊಮ್ಮಗುವಿನ ತಲೆಗೆ ಕಟ್ಟುವ ಕುಂಚಿಗೆಯ ಪಕ್ಕದಲ್ಲೇ ಹಗ್ಗಕ್ಕೆ ಹಾಕಿದಳು. ಮರಿಗಳು ದೊಡ್ಡವಾದ ಮೇಲೆ ಮತ್ತೆ ಬೇಕಾಗುತ್ತದಲ್ಲ.